ಸೈಕಲ್ಲಿನ ಗಾಳಿ ಎಲ್ಲಿಗೆ ಹೋಯಿತು?



ಗಡಿಸೀಮೆಯಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲೆ ಊರಿಗೊಂದರಂತೆ ಇರುವುದಿಲ್ಲ. ತಮ್ಮ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮುಗಿಸಿದ ಹುಡುಗ ಹುಡುಗಿಯರು ಮುಂದಿನ ಓದಿಗಾಗಿ ಹಲವು ಕಿಲೋಮೀಟರು ದೂರ ಬರಬೇಕಾಗುತ್ತದೆ. ಹೊತ್ತಿಗೆ ಸರಿಯಾಗಿ ಬಸ್ಸು ಸಿಗದ ದಾರಿಗಳಲ್ಲಿ ಸೈಕಲ್ಲೇ ಅವರ ಕಾಲು. ಆದುದರಿಂದ ಬೆಳಗ್ಗೆ ಎದ್ದು ನೋಡಿದಾಗ ಚಕ್ರ ನೆಲಕ್ಕೆ ಕುಸಿದು ನಿಂತಿದ್ದರೆ ಅದು ಬರಿಯ ಸೈಕಲ್ಲಿನ ಮಾತಲ್ಲ. ಅದು ಒಂದು ದಿನದ ಪಾಠದ ಮಾತು; ಪರೀಕ್ಷೆಯ ದಿನವಾದರೆ ಒಂದು ವರ್ಷದ ಮಾತು.

ಪಂಕ್ಚರಿನಲ್ಲಿ ಎರಡು ಬಗೆ. ಮೊಳೆಯೋ ಗಾಜಿನ ಚೂರೋ ಚುಚ್ಚಿ ಕ್ಷಣಮಾತ್ರದಲ್ಲಿ ಗಾಳಿ ಹೋಗುವುದು ಒಂದು. ಇದರಲ್ಲಿ ಗೊಂದಲವಿಲ್ಲ, ತೂತು ತಾನೇ ಕೂಗಿ ಹೇಳುತ್ತದೆ. ಇನ್ನೊಂದು ಮೆಲ್ಲನೆ ಇಳಿಯುವುದು. ಸಂಜೆ ಗಟ್ಟಿಯಾಗಿದ್ದ ಚಕ್ರ ಬೆಳಗ್ಗೆ ಮೆತ್ತಗಾಗಿರುತ್ತದೆ. ಪಂಪು ಹೊಡೆದರೆ ಶಾಲೆಯವರೆಗೆ ಬರುತ್ತದೆ, ಮರಳುವ ಹೊತ್ತಿಗೆ ಮತ್ತೆ ಮೆತ್ತಗಾಗಿರುತ್ತದೆ. ಈ ಎರಡನೆಯದೇ ಹೆಚ್ಚು ಕಾಡುವುದು. ಇದನ್ನು ಪತ್ತೆ ಹಚ್ಚಲು ನಾವು ತರಗತಿಯಲ್ಲಿ ಓದಿದ ವಿಜ್ಞಾನವೇ ಸಾಕು. ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಗಾಳಿ ತುಂಬಿದ ಟೈರಿನ ಕಥೆ

ಮೊದಲ ಕಾಲದ ಗಾಡಿಗಳ ಗಾಲಿಗೆ ಕಬ್ಬಿಣದ ಪಟ್ಟಿ, ಆಮೇಲೆ ಗಟ್ಟಿ ರಬ್ಬರು ಇರುತ್ತಿದ್ದಿತು. ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆದರೆ ಆಗ ಅದಕ್ಕೆ ಬಳಕೆ ಸಿಗದೆ ಜನ ಮರೆತರು. 1887ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿ ನೋಡಿದನು. 1888ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದಾಗ ಅದು ಬಿದ್ದುಹೋಯಿತು. ಆದರೂ ಲೋಕಕ್ಕೆ ಗಾಳಿ ಟೈರನ್ನು ರೂಢಿ ಮಾಡಿಸಿದ ಹೆಸರು ಡನ್‌ಲಪ್ಪನದೇ. ನಮ್ಮ ಸಾಧಾರಣ ಸೈಕಲ್ಲುಗಳ ವಾಲ್ವನ್ನು ಇಂದಿಗೂ ಡನ್‌ಲಪ್ ವಾಲ್ವ್ ಎಂದು ಕರೆಯುವುದುಂಟು.

ಟೈರಿನೊಳಗೆ ಎಷ್ಟು ಗಾಳಿ ಇದೆ?

ನಮ್ಮ ಕಡೆಯ ದೊಡ್ಡ ಸೈಕಲ್ಲುಗಳಲ್ಲಿ ಟೈರಿನ ಅಳತೆ 28 × 1½ ಇಂಚು. ಇದರ ಟ್ಯೂಬಿನ ಒಳಗಿನ ಜಾಗ ಸುಮಾರು 2.4 ಲೀಟರು. ಅದನ್ನು ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಮಿನ ಒತ್ತಡಕ್ಕೆ ತುಂಬಿದೆವು ಎನ್ನೋಣ. ಅಂಗಡಿಯ ಲೆಕ್ಕದಲ್ಲಿ ಇದು 43 ಪೌಂಡಿನಷ್ಟು. ಆಗ ಹೊರಗಿನ ಗಾಳಿಯನ್ನು ಸುಮಾರು 7 ಲೀಟರಿನಷ್ಟು ಹೆಚ್ಚಾಗಿ ಒಳಗೆ ತುರುಕಿದಂತಾಯಿತು.

ಈ ಒತ್ತಡವೇ ನಮ್ಮನ್ನು ಹೊರುವುದು. ಹಿಂದಿನ ಚಕ್ರದ ಮೇಲೆ 45 ಕಿಲೋಗ್ರಾಂ ಭಾರ ಬಿದ್ದರೆ, ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 45 ÷ 3 = 15 ಚದರ ಸೆಂಟಿಮೀಟರು. ಗಾಳಿ ಅರ್ಧಕ್ಕೆ ಇಳಿದರೆ ಆ ಜಾಗ 30 ಚದರ ಸೆಂಟಿಮೀಟರಾಗುತ್ತದೆ. ಟೈರು ಹೆಚ್ಚು ಚಪ್ಪಟೆಯಾಗಿ, ತುಳಿಯಲು ಭಾರವಾಗುತ್ತದೆ. ಪಕ್ಕಗಳು ಮಡಿಚಿ ಬಿರಿಯುತ್ತವೆ. ಗಾಳಿ ಕಡಿಮೆಯಾದ ಸೈಕಲ್ಲನ್ನು ‘ಹೇಗೋ ನಡೆಯುತ್ತದೆ’ ಎಂದು ತುಳಿಯುವವರು ಟೈರು, ಟ್ಯೂಬು ಎರಡನ್ನೂ ಕೆಡಿಸಿಕೊಳ್ಳುತ್ತಾರೆ.

ಇನ್ನೊಂದು ಲೆಕ್ಕ. 7 ಲೀಟರೆಂದರೆ 7000 ಘನ ಸೆಂಟಿಮೀಟರು. 12 ಗಂಟೆಯ ಒಂದು ರಾತ್ರಿಯಲ್ಲಿ ಇದು ಪೂರ್ತಿ ಇಳಿದರೆ, ನಿಮಿಷಕ್ಕೆ ಸರಾಸರಿ 10 ಘನ ಸೆಂಟಿಮೀಟರು ಹೊರಬಿದ್ದಿತು. ಅದೇ ಒಂದು ವಾರ ಹಿಡಿದರೆ ನಿಮಿಷಕ್ಕೆ 0.7 ಘನ ಸೆಂಟಿಮೀಟರು ಮಾತ್ರ. 4 ಮಿಲಿಮೀಟರು ಅಡ್ಡಳತೆಯ ಗುಳ್ಳೆಗಳಾಗಿ ಇದು ಹೊರಬಂದರೆ ಮೂರು ಸೆಕೆಂಡಿಗೆ ಒಂದೇ ಗುಳ್ಳೆ. ಟೈರಿನಿಂದ ಬಿಚ್ಚಿದ ಟ್ಯೂಬಿನಲ್ಲಿ ಅಷ್ಟು ಒತ್ತಡ ನಿಲ್ಲದಿರುವುದರಿಂದ ಗುಳ್ಳೆಗಳು ಇನ್ನೂ ವಿರಳ. ಟ್ಯೂಬನ್ನು ನೀರಿನಲ್ಲಿ ಸರಸರನೆ ಎಳೆದು ‘ತೂತೇ ಇಲ್ಲ’ ಎನ್ನುವವರು ಎಡವುವುದು ಇಲ್ಲಿಯೇ. ನಿಧಾನವಾದ ಸೋರಿಕೆಯನ್ನು ನಿಧಾನವಾಗಿಯೇ ಹುಡುಕಬೇಕು.

ಇಳಿದ ಗಾಳಿಯೆಲ್ಲ ಸೋರಿದ ಗಾಳಿಯಲ್ಲ

ಹುಡುಕುವ ಮೊದಲು, ನಿಜವಾಗಿಯೂ ಸೋರಿಕೆ ಇದೆಯೇ ಎಂಬುದನ್ನು ತಿಳಿಯಬೇಕು. ಗಾಳಿ ಬಿಸಿಯಾದರೆ ಅದರ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಟೈರು 50 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದ್ದಾಗ 3 ಕಿಲೋಗ್ರಾಂ ಒತ್ತಡವಿದ್ದರೆ, ಬೆಳಗಿನ ಜಾವ 20 ಡಿಗ್ರಿಗೆ ಬಂದಾಗ ಒಂದು ಗುಳ್ಳೆಯೂ ಹೊರಹೋಗದೆ ಅದು ಸುಮಾರು 2.6 ಕಿಲೋಗ್ರಾಮಿಗೆ ಇಳಿದಿರುತ್ತದೆ. ಈ ಲೆಕ್ಕ ಮಾಡುವಾಗ ವಾತಾವರಣದ ಒತ್ತಡವನ್ನೂ ಕೂಡಿಸಿಕೊಳ್ಳಬೇಕು, ಉಷ್ಣತೆಗೆ 273ನ್ನು ಸೇರಿಸಬೇಕು ಎಂಬುದನ್ನು ಮೇಲಿನ ತರಗತಿಯವರು ನೆನಪಿಡಿ.

ಎರಡನೆಯದಾಗಿ, ರಬ್ಬರು ನಮ್ಮ ಕಣ್ಣಿಗೆ ಕಾಣುವಷ್ಟು ಬಿಗಿಯಾದುದಲ್ಲ. ಅದರ ಮೂಲಕ ಗಾಳಿಯ ಅಣುಗಳು ಬಹಳ ಮೆಲ್ಲಗೆ ನುಸುಳುತ್ತಲೇ ಇರುತ್ತವೆ. ಮರದ ಹಾಲಿನಿಂದಾದ ಸಹಜ ರಬ್ಬರಿಗಿಂತ ಬ್ಯೂಟೈಲ್ ಎಂಬ ಕೃತಕ ರಬ್ಬರು ಗಾಳಿಯನ್ನು ಹಲವು ಪಟ್ಟು ಚೆನ್ನಾಗಿ ತಡೆಯುತ್ತದೆ. ಹೇಗಿದ್ದರೂ ವಾರಗಳು ಕಳೆದಂತೆ ಎಲ್ಲ ಟ್ಯೂಬುಗಳೂ ಸ್ವಲ್ಪ ಮೆತ್ತಗಾಗುವುದು ಸಹಜ. ಬೇಸಿಗೆ ರಜೆಯಲ್ಲಿ ಗೋಡೆಗೆ ಒರಗಿಸಿಟ್ಟ ಸೈಕಲ್ಲು ಮೆತ್ತಗಾಗಿದ್ದರೆ ಗಾಬರಿ ಬೇಡ. ಗಾಳಿ ಹಾಕಿ ಎರಡು ದಿನ ನೋಡಿ. ಒಂದೆರಡು ದಿನದಲ್ಲೇ ಕುಸಿದರೆ ಮಾತ್ರ ಅದು ಸೋರಿಕೆ.

ಮೊದಲ ಗುಮಾನಿ ವಾಲ್ವಿನ ಮೇಲೆ

ಟೈರು ಬಿಚ್ಚುವ ಮುನ್ನ ವಾಲ್ವನ್ನು ಪರೀಕ್ಷಿಸಬೇಕು. ಕಾರಣ, ಅತಿ ಸುಲಭವಾದ ಪರೀಕ್ಷೆಯನ್ನು ಮೊದಲು ಮಾಡುವುದು ಜಾಣತನ. ಹಳೆಯ ಬಗೆಯ ವಾಲ್ವಿನೊಳಗೆ ಒಂದು ಹಿತ್ತಾಳೆಯ ಕಡ್ಡಿ ಇರುತ್ತದೆ. ಅದರ ಪಕ್ಕದಲ್ಲಿ ಸಣ್ಣ ರಂಧ್ರ. ಆ ರಂಧ್ರವನ್ನು ಮುಚ್ಚುವಂತೆ ತೊಡಿಸಿದ ತೆಳುವಾದ ರಬ್ಬರ್ ನಳಿಕೆ. ಇದನ್ನೇ ವಾಲ್ವ್ ಟ್ಯೂಬ್ ಎನ್ನುತ್ತೇವೆ. ಪಂಪು ಹೊಡೆದಾಗ ಗಾಳಿ ರಂಧ್ರದಿಂದ ನುಗ್ಗಿ ರಬ್ಬರನ್ನು ಎತ್ತಿ ಒಳಕ್ಕೆ ಹೋಗುತ್ತದೆ. ಪಂಪು ನಿಂತಾಗ ಒಳಗಿನ ಒತ್ತಡವೇ ರಬ್ಬರನ್ನು ರಂಧ್ರಕ್ಕೆ ಅದುಮಿ ಹಿಡಿಯುತ್ತದೆ. ಒಳಗೆ ಬಿಡುವ, ಹೊರಗೆ ಬಿಡದ ಬಾಗಿಲು ಇದು. ಕಾಲಕ್ರಮದಲ್ಲಿ ಈ ನಳಿಕೆ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಆಗ ಗಾಳಿ ಮೆಲ್ಲನೆ ಇಳಿಯತೊಡಗುತ್ತದೆ.

ಪರೀಕ್ಷೆ ಹೀಗೆ: ಗಾಳಿಯನ್ನು ಚೆನ್ನಾಗಿ ತುಂಬಿ, ವಾಲ್ವು ಚಕ್ರದ ಮೇಲ್ಭಾಗಕ್ಕೆ ಬರುವಂತೆ ತಿರುಗಿಸಿ. ಆಗ ಅದರ ಬಾಯಿ ಕೆಳಮುಖವಾಗಿರುತ್ತದೆ. ಸಣ್ಣ ಲೋಟದಲ್ಲಿ ನೀರು ತೆಗೆದುಕೊಂಡು, ಕಡ್ಡಿಗಳ ನಡುವೆ ಹಿಡಿದು, ವಾಲ್ವಿನ ಬಾಯಿ ಮುಳುಗುವಂತೆ ಎತ್ತಿ. ಒಂದು ನಿಮಿಷ ಕಾಯಿರಿ. ಗುಳ್ಳೆ ಬಂದರೆ ಕಳ್ಳ ಸಿಕ್ಕಿದನು. ತಿರುಪನ್ನು ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ನಳಿಕೆಯನ್ನು ಬದಲಿಸಿ. ಹೊಸ ನಳಿಕೆಯನ್ನು ನೀರಿನಲ್ಲಿ ಒದ್ದೆ ಮಾಡಿ ತೊಡಿಸಿದರೆ ಸುಲಭವಾಗಿ ಏರುತ್ತದೆ. ಎಣ್ಣೆ ಹಚ್ಚಬಾರದು, ಎಣ್ಣೆ ರಬ್ಬರನ್ನು ಕೆಡಿಸುತ್ತದೆ. ಟೈರು ಬಿಚ್ಚದೆಯೇ ಕೆಲಸ ಮುಗಿಯುವ ಸಂದರ್ಭ ಇದು.

ತೂತು ಹುಡುಕುವ ಬಗೆ

ವಾಲ್ವು ಸರಿಯಾಗಿದ್ದರೆ ಟ್ಯೂಬನ್ನು ನೋಡಲೇಬೇಕು. ಹಿಂದಿನ ಚಕ್ರವನ್ನು ಚೌಕಟ್ಟಿನಿಂದ ಕಳಚುವ ಅಗತ್ಯವಿಲ್ಲ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಕ್ರಮವಾಗಿ ಹೀಗೆ ಮಾಡಿ.

1. ಟೈರಿನ ಹೊರಮೈಯನ್ನು ಸುತ್ತಲೂ ನೋಡಿ. ಮುಳ್ಳು ಕಂಡರೆ ಒಡನೆ ಕೀಳಬೇಡಿ; ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ.

2. ವಾಲ್ವು ಇರುವ ಕಡೆ ಟೈರಿನ ಮೇಲೊಂದು ಗುರುತು ಮಾಡಿ. ಟ್ಯೂಬಿನಲ್ಲಿ ತೂತು ಸಿಕ್ಕ ಮೇಲೆ, ವಾಲ್ವಿನಿಂದ ಅದು ಎಷ್ಟು ಗೇಣು ದೂರವಿದೆಯೆಂದು ಅಳೆದು, ಟೈರಿನಲ್ಲಿಯೂ ಅಷ್ಟೇ ದೂರದಲ್ಲಿ ಹುಡುಕಲು ಇದು ಬೇಕು.

3. ಉಳಿದ ಗಾಳಿ ತೆಗೆದು, ವಾಲ್ವಿಗೆ ಎದುರಿನ ಭಾಗದಿಂದ ಆರಂಭಿಸಿ ಟೈರಿನ ಒಂದು ಬದಿಯನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ. ಟೈರ್ ಬಿಚ್ಚುವ ಪಟ್ಟಿ ಇಲ್ಲದಿದ್ದರೆ ಅಂಚು ಹರಿತವಿಲ್ಲದ ಚಮಚದ ಹಿಡಿ ಆದೀತು. ಸ್ಕ್ರೂಡ್ರೈವರ್ ಬೇಡ, ಅದು ಹೊಸ ತೂತು ಮಾಡುತ್ತದೆ.

4. ಟ್ಯೂಬನ್ನು ಹೊರಗೆಳೆದು, ವಾಲ್ವು ಕೂಡಿಸಿ, ಸ್ವಲ್ಪ ಉಬ್ಬುವಷ್ಟು ಗಾಳಿ ಹಾಕಿ. ಒಂದು ಬೋಗುಣಿ ನೀರಿನಲ್ಲಿ ಗೇಣುದ್ದವನ್ನು ಒಮ್ಮೆಗೆ ಮುಳುಗಿಸಿ. ಮೊದಲು ಟ್ಯೂಬಿಗೆ ಅಂಟಿದ ಗಾಳಿಯ ಗುಳ್ಳೆಗಳನ್ನು ಕೈಯಿಂದ ಸವರಿ ಬಿಡಿಸಿ. ಬಳಿಕ ಅಲುಗಿಸದೆ ಇಪ್ಪತ್ತರವರೆಗೆ ಎಣಿಸಿ. ಒಂದೇ ಜಾಗದಿಂದ ಮತ್ತೆ ಮತ್ತೆ ಗುಳ್ಳೆ ಎದ್ದರೆ ಅದೇ ತೂತು.

5. ಗುಳ್ಳೆ ಕಾಣದಿದ್ದರೆ ಟ್ಯೂಬನ್ನು ಎರಡು ಕೈಯಲ್ಲಿ ತುಸು ಎಳೆದು ಹಿಡಿದು ಮತ್ತೆ ಮುಳುಗಿಸಿ. ಸೂಜಿಮೊನೆಯಷ್ಟರ ತೂತು ರಬ್ಬರು ಎಳೆದಾಗ ಮಾತ್ರ ಬಾಯಿ ತೆರೆಯುವುದುಂಟು.

ನೀರಿಗೆ ಕಷ್ಟವಿರುವ ಬೇಸಿಗೆಯಲ್ಲಿ ಒಂದು ಲೋಟ ಸೋಪಿನ ನೀರು ಸಾಕು. ಬಟ್ಟೆಯಿಂದ ಟ್ಯೂಬಿಗೆ ಸವರುತ್ತ ಹೋದರೆ ತೂತಿನ ಮೇಲೆ ಸಣ್ಣ ನೊರೆ ಏಳುತ್ತದೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದರಿಂದ ಗುಳ್ಳೆ ಬೇಗ ಒಡೆಯದೆ ನಿಲ್ಲುತ್ತದೆ. ದಾರಿಯಲ್ಲಿ ಏನೂ ಇಲ್ಲದಿದ್ದರೆ ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ. ತಣ್ಣನೆಯ ಗಾಳಿಯ ಎಳೆ ಚರ್ಮಕ್ಕೆ ತಿಳಿಯುತ್ತದೆ.

ತೂತು ಹೇಳುವ ಸಾಕ್ಷಿ

ತೂತಿನ ಜಾಗವೇ ಅದರ ಕಾರಣವನ್ನು ಹೇಳುತ್ತದೆ. ನೆಲದ ಕಡೆಗೆ ಒಂದೇ ಸಣ್ಣ ತೂತಿದ್ದರೆ ಮುಳ್ಳು ಅಥವಾ ತಂತಿ. ರಿಮ್ಮಿನ ಕಡೆಗೆ ಇದ್ದರೆ ಕಡ್ಡಿಯ ತುದಿ ಮೇಲೆದ್ದು ಚುಚ್ಚಿದೆ, ಇಲ್ಲವೆ ರಿಮ್ಮಿನೊಳಗಿನ ಪಟ್ಟಿ ಸರಿದಿದೆ. ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ ಪಟ್ಟಿಯನ್ನು ಸರಿಪಡಿಸದೆ ಎಷ್ಟು ಪ್ಯಾಚು ಹಾಕಿದರೂ ಫಲವಿಲ್ಲ. ಅಕ್ಕಪಕ್ಕದಲ್ಲಿ ಹಾವು ಕಚ್ಚಿದಂತೆ ಎರಡು ಸೀಳುಗಳಿದ್ದರೆ, ಗಾಳಿ ಕಡಿಮೆ ಇದ್ದಾಗ ಕಲ್ಲಿನ ಮೇಲೋ ಗುಂಡಿಯಲ್ಲೋ ಹಾಯ್ದು ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ನಜ್ಜಾಗಿದೆ. ಕ್ಯಾರಿಯರ್ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಬರುವವರಿಗೆ ಇದು ಪರಿಚಿತ. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪ್ಯಾಚು ನಿಲ್ಲುವುದಿಲ್ಲ. ಹೊಸ ಟ್ಯೂಬೇ ಗತಿ.

ನಮ್ಮ ಆದವಾನಿ, ರಾಯದುರ್ಗದ ಸೀಮೆಯಲ್ಲಿ ಮುಖ್ಯ ಶತ್ರುಗಳು ಎರಡು. ಒಂದು, ಬಳ್ಳಾರಿ ಜಾಲಿ. ನಮ್ಮ ತೆಲುಗು ನೆರೆಯವರು ಸರ್ಕಾರು ತುಮ್ಮ ಎಂದು ಕರೆಯುವ ಗಿಡವೂ ಇದೇ. ಇದು ಮೂಲತಃ ಅಮೆರಿಕ ಖಂಡದ ಗಿಡ; ಈಗ ಕೆರೆಯಂಗಳ, ರಸ್ತೆಬದಿಗಳನ್ನೆಲ್ಲ ಆವರಿಸಿದೆ. ಕಟ್ಟಿಗೆಗೆಂದು ಕಡಿದು ಎಳೆದೊಯ್ದ ದಾರಿಯಲ್ಲೆಲ್ಲ ಮುಳ್ಳು ಉದುರಿರುತ್ತದೆ. ಇನ್ನೊಂದು, ನೆಲಕ್ಕೆ ಹರಡುವ ನೆಗ್ಗಿಲು, ತೆಲುಗಿನಲ್ಲಿ ಪಲ್ಲೇರು. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಹೆಸರು ಯಾವ ಭಾಷೆಯದಾದರೂ ಚುಚ್ಚುವುದು ಒಂದೇ ಬಗೆ.

ಜಾಲಿಯ ಮುಳ್ಳಿನ ಸ್ವಭಾವವನ್ನು ಗಮನಿಸಬೇಕು. ಅದು ಟೈರನ್ನು ಹೊಕ್ಕ ಮೇಲೆ ಹೊರತುದಿ ಮುರಿದುಬೀಳುತ್ತದೆ. ಮೊನೆ ಮಾತ್ರ ಟೈರಿನೊಳಗೆ ಉಳಿಯುತ್ತದೆ. ಹೊರಗಿನಿಂದ ಏನೂ ಕಾಣದು. ಆ ಮೊನೆಯೇ ತಾನು ಮಾಡಿದ ತೂತಿಗೆ ಬಿರಡೆಯಾಗಿ ನಿಂತು ಗಾಳಿಯನ್ನು ಅಷ್ಟಿಷ್ಟೇ ಬಿಡುತ್ತದೆ. ನಿಧಾನ ಸೋರಿಕೆಯ ಗುಟ್ಟು ಅನೇಕ ಸಲ ಇದೇ. ಆದುದರಿಂದ ದಾರಿಯ ನಡುವೆ ಮುಳ್ಳು ಕಂಡರೆ, ಪ್ಯಾಚಿನ ಸಾಮಾನು ಕೈಯಲ್ಲಿಲ್ಲದಿದ್ದರೆ, ಅದನ್ನು ಕೀಳದೆ ಗಾಳಿ ಹಾಕಿಕೊಂಡು ಮನೆ ಸೇರುವುದೇ ಲೇಸು. ಕಿತ್ತರೆ ಬಿರಡೆ ತೆಗೆದಂತಾಗಿ ಗಾಳಿ ಒಮ್ಮೆಗೇ ಹೋಗಿಬಿಡುತ್ತದೆ.

ಮನೆಯಲ್ಲಿ ಪ್ಯಾಚು ಹಾಕುವಾಗಲಾದರೋ, ಮುಳ್ಳನ್ನು ಹುಡುಕಿ ತೆಗೆಯದೆ ಬಿಡಲೇಬಾರದು. ಟೈರಿನ ಒಳಮೈಯನ್ನು ಹಳೆಯ ಬಟ್ಟೆಯಿಂದ ಸುತ್ತಲೂ ಒರೆಸಿ. ಬಟ್ಟೆಯ ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಬೆರಳಿನಿಂದ ಜೋರಾಗಿ ಸವರಿದರೆ ಬೆರಳಿಗೇ ಚುಚ್ಚೀತು. ಮೊನೆಯನ್ನು ಇಕ್ಕಳದಿಂದ ಎಳೆಯಿರಿ, ಇಲ್ಲವೆ ಸೂಜಿಯಿಂದ ಹೊರಕ್ಕೆ ತಳ್ಳಿ. ಒಂದೇ ಜಾಗದಲ್ಲಿ ಎರಡು ಸಲ ಪಂಕ್ಚರಾದರೆ ತಪ್ಪು ಪ್ಯಾಚಿನದಲ್ಲ, ಟೈರಿನಲ್ಲಿ ಉಳಿದ ಮುಳ್ಳಿನದು.

ಪ್ಯಾಚು ಹಾಕುವ ವಿಧಾನ

ಬೇಕಾದ ಸಾಮಾನು: ಉಪ್ಪುಕಾಗದ, ಸಲ್ಯೂಷನ್, ಪ್ಯಾಚು, ಸೀಮೆಸುಣ್ಣದ ಪುಡಿ.

ಮೊದಲು ಟ್ಯೂಬನ್ನು ಒರೆಸಿ ಪೂರ್ತಿ ಒಣಗಿಸಿ. ತೂತು ನಡುವೆ ಬರುವಂತೆ ಪೆನ್ನಿನಿಂದ ದೊಡ್ಡ ಕೂಡುವ ಚಿಹ್ನೆ ಬರೆಯಿರಿ. ಸಣ್ಣದಾಗಿ ಬರೆದರೆ ಉಜ್ಜುವಾಗ ಅಳಿಸಿ ತೂತು ತಪ್ಪಿಹೋಗುತ್ತದೆ. ಗಾಳಿಯನ್ನೆಲ್ಲ ತೆಗೆದು, ಪ್ಯಾಚಿಗಿಂತ ಸ್ವಲ್ಪ ಅಗಲವಾಗಿ ಉಪ್ಪುಕಾಗದದಿಂದ ಉಜ್ಜಿ. ನುಣುಪಾದ ಮೇಲ್ಪದರ ಹೋಗಿ ಮೈ ತರಿತರಿಯಾಗಬೇಕು. ಅಚ್ಚಿನ ಗೆರೆ ಎದ್ದಿದ್ದರೆ ಅದನ್ನೂ ಸಮ ಮಾಡಬೇಕು. ಇಲ್ಲದಿದ್ದರೆ ಗೆರೆಯ ಪಕ್ಕದಿಂದಲೇ ಗಾಳಿ ನುಸುಳುತ್ತದೆ. ಉಜ್ಜಿದ ಪುಡಿಯನ್ನು ಒರೆಸಿ. ಆ ಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಅಂಟನ್ನು ಕೆಡಿಸುತ್ತದೆ.

ಈಗ ಸಲ್ಯೂಷನ್ನನ್ನು ತೆಳುವಾಗಿ ಹಚ್ಚಿ, ಸುಮಾರು ಐದು ನಿಮಿಷ ಕಾಯಿರಿ. ಅವಸರದವರು ಕೆಡುವುದು ಇಲ್ಲಿ. ಸಲ್ಯೂಷನ್ನೆಂದರೆ ಬೇಗ ಆವಿಯಾಗುವ ದ್ರವದಲ್ಲಿ ಕರಗಿಸಿದ ರಬ್ಬರು. ಆ ದ್ರವ ಆರಿಹೋಗದೆ ಪ್ಯಾಚು ಅಂಟಿಸಿದರೆ ಅದು ಅಡಿಯಲ್ಲೇ ಉಳಿದು ಪ್ಯಾಚು ಜಾರುತ್ತದೆ. ಹೊಳಪು ಹೋಗಿ ಮೈ ಮಂಕಾದಾಗ ಪ್ಯಾಚನ್ನು ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿ. ಗಟ್ಟಿ ನೆಲದ ಮೇಲಿಟ್ಟು ದುಂಡನೆಯ ಸೀಸೆಯಿಂದ ಲಟ್ಟಿಸಿದರೆ ಇನ್ನೂ ಒಳ್ಳೆಯದು. ಈ ದ್ರವಕ್ಕೆ ಬೇಗ ಬೆಂಕಿ ಹತ್ತುತ್ತದೆ. ಒಲೆ, ದೀಪಗಳಿಂದ ದೂರ, ಗಾಳಿಯಾಡುವ ಜಾಗದಲ್ಲಿ ಈ ಕೆಲಸ ಮಾಡಿ. ಅದರ ವಾಸನೆಯನ್ನು ಎಳೆದುಕೊಳ್ಳಬೇಡಿ.

ಪ್ಯಾಚಿನ ಸುತ್ತ ಸೀಮೆಸುಣ್ಣದ ಪುಡಿ ಉದುರಿಸಿದರೆ ಟ್ಯೂಬು ಟೈರಿಗೆ ಅಂಟಿಕೊಳ್ಳುವುದಿಲ್ಲ. ಬಳಿಕ ಸ್ವಲ್ಪ ಗಾಳಿ ಹಾಕಿ ಪೂರ್ತಿ ಟ್ಯೂಬನ್ನು ಮತ್ತೊಮ್ಮೆ ನೀರಿನಲ್ಲಿ ನೋಡಿ. ಒಂದು ತೂತು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದು. ಜಾಲಿಯ ಕೊಂಬೆ ತುಳಿದ ಚಕ್ರದಲ್ಲಿ ಒಂದೇ ಮುಳ್ಳಿರಬೇಕೆಂಬ ನಿಯಮವೇನಿಲ್ಲ.

ಟ್ಯೂಬನ್ನು ಕೂಡಿಸುವಾಗ ಅದರಲ್ಲಿ ತುಸು ಗಾಳಿ ಇರಲಿ, ಮಡಿಚಿಕೊಳ್ಳುವುದಿಲ್ಲ. ವಾಲ್ವು ನೆಟ್ಟಗೆ ನಿಲ್ಲಬೇಕು. ಟೈರಿನ ಅಂಚನ್ನು ಹೆಬ್ಬೆರಳುಗಳಿಂದಲೇ ಒಳಕ್ಕೆ ತಳ್ಳಿ. ಸುತ್ತಲೂ ನೋಡಿ, ಟ್ಯೂಬು ಎಲ್ಲಿಯೂ ಅಂಚಿನ ಕೆಳಗೆ ಸಿಕ್ಕಿಲ್ಲವೆಂದು ಖಚಿತಪಡಿಸಿಕೊಂಡು ಗಾಳಿ ತುಂಬಿ. ಟೈರಿನ ಪಕ್ಕದಲ್ಲಿ ಅಚ್ಚಾದ ಮಿತಿಯನ್ನು ಮೀರಬೇಡಿ.

ಶಾಲೆಗೊಂದು ಪೆಟ್ಟಿಗೆ

ಟ್ಯೂಬಿಲ್ಲದ ಟೈರುಗಳು ಮೋಟಾರು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿವೆ. ಅವುಗಳಲ್ಲಿಯೂ ಸೋರಿಕೆ ಹುಡುಕುವುದು ಸೋಪಿನ ನೀರಿನಿಂದಲೇ. ನಮ್ಮ ಸೈಕಲ್ಲುಗಳಿಗೆ ಮಾತ್ರ ಟ್ಯೂಬು, ಪ್ಯಾಚುಗಳ ಸಂಬಂಧ ಬಿಟ್ಟಿಲ್ಲ. ಒಂದು ಪಂಪು, ಎರಡು ಪಟ್ಟಿ, ನಾಲ್ಕು ವಾಲ್ವ್ ಟ್ಯೂಬು, ಸಲ್ಯೂಷನ್, ಪ್ಯಾಚು, ಉಪ್ಪುಕಾಗದ, ಇಷ್ಟನ್ನು ಒಂದು ಡಬ್ಬಿಯಲ್ಲಿಟ್ಟು ಪ್ರತಿ ಶಾಲೆಯ ಸೈಕಲ್ ನಿಲ್ದಾಣದ ಬಳಿ ಇಡಬಹುದು. ಹತ್ತನೆಯ ತರಗತಿಯವರು ಎಂಟನೆಯವರಿಗೆ ಈ ಕೆಲಸ ಕಲಿಸಿಕೊಡಬಹುದು. ಹುಡುಗಿಯರು ಇದನ್ನು ಅವಶ್ಯವಾಗಿ ಕಲಿಯಬೇಕು. ಸಂಜೆ ಕತ್ತಲಾಗುವ ಹೊತ್ತಿಗೆ ಊರಿಂದೂರಿಗೆ ಸೈಕಲ್ಲು ತಳ್ಳಿಕೊಂಡು ಹೋಗಬೇಕಾದ ಕಷ್ಟವನ್ನು ನೆನೆದೇ ಕೆಲವು ತಂದೆತಾಯಿಗಳು ಮಗಳನ್ನು ಶಾಲೆ ಬಿಡಿಸುವುದುಂಟು. ‘ಪಂಕ್ಚರಾದರೆ ನಾನೇ ಹಾಕಿಕೊಳ್ಳುತ್ತೇನೆ’ ಎಂದು ಮಗಳು ಹೇಳಬಲ್ಲವಳಾದರೆ ಆ ಭಯ ಅರ್ಧ ಕಡಿಮೆಯಾದೀತು.

ಮಾಡಿ ನೋಡಿ, ಯೋಚಿಸಿ

1. 7 ಲೀಟರು ಹೆಚ್ಚಿನ ಗಾಳಿ 3 ದಿನಗಳಲ್ಲಿ ಪೂರ್ತಿ ಇಳಿಯಿತು. ನಿಮಿಷಕ್ಕೆ ಸರಾಸರಿ ಎಷ್ಟು ಘನ ಸೆಂಟಿಮೀಟರು ಹೊರಹೋಯಿತು?

2. ನಿಂತ ಸೈಕಲ್ಲಿನಲ್ಲಿ ಗಾಳಿ ನಿಲ್ಲುತ್ತದೆ, ತುಳಿದಾಗ ಮಾತ್ರ ಇಳಿಯುತ್ತದೆ. ಮುಳ್ಳಿನ ಮೊನೆ, ರಬ್ಬರಿನ ಎಳೆತ ಇವೆರಡನ್ನು ನೆನೆದು ಕಾರಣ ಹೇಳಿ.

3. ವಾಲ್ವಿನಿಂದ ಬಲಕ್ಕೆ ಮೂರು ಗೇಣು ದೂರದಲ್ಲಿ ಟ್ಯೂಬಿನ ತೂತು ಸಿಕ್ಕಿತು. ಆದರೆ ಟ್ಯೂಬನ್ನು ಹೊರತೆಗೆದಾಗ ಅದು ತಿರುವುಮುರುವಾಗಿರಬಹುದು. ಹಾಗಾದರೆ ಟೈರಿನಲ್ಲಿ ಮುಳ್ಳನ್ನು ಎಷ್ಟು ಕಡೆ ಹುಡುಕಬೇಕು? ಏಕೆ?